ಕಿಟಕಿಯ ಪರದೆಯನ್ನು ಅರ್ಧ ನಿಮಿಷ ಎತ್ತಿಸುವ ಕುರಿತು

ನಮ್ಮೂರ ವಿಮಾನ ನಿಲ್ದಾಣದ ಅರ್ಧಕ್ಕೂ ಆಕಾಶದ ಪೂರ್ತಿಗೂ ಒಡೆಯರಾದ ವಾಯುನೆಲೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ರನ್‌ವೇ ಬೇಲಿಗೆ ಬೆನ್ನು ತಾಗಿಸಿಕೊಂಡ ಮನೆಯಲ್ಲಿರುವ ವಿಧುರನ ಅನಂತ ವಂದನೆಗಳು. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಕಾಲೇಜಿನಲ್ಲಿ ಕಲಿತ ಅರ್ಜಿ ಇಲ್ಲಿಂದಾಚೆಗೆ ಮರೆತಿರುವುದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ತಮ್ಮ ಯುದ್ಧವಿಮಾನಗಳ ಬಗ್ಗೆ ನನ್ನ ತಕರಾರೇನಿಲ್ಲ. ಅವು ಹಾರಿದಾಗ ಕಪಾಟಿನ ಲೋಟಗಳು ತಾವಾಗಿಯೇ ಜಾಗ ಬದಲಿಸುವುದು ಒಂಟಿ ಮನೆಗೊಂದು ಲವಲವಿಕೆ. ವಿಷಯ ಬೇರೆ. ನನ್ನ ಮಗಳೇ ಮುಂದೆ ನಿಂತು ಕುದುರಿಸುತ್ತಿರುವ ಸಂಬಂಧ ಒಂದಿದೆ. ನಿವೃತ್ತ ನರ್ಸ್ ಒಬ್ಬರು, ನನ್ನನ್ನು ಮದುವೆಯಾಗುವುದೋ ಬಿಡುವುದೋ ಮನೆ ನೋಡಿ ಹೇಳುತ್ತೇನೆಂದು ಕಳೆದ ಭಾನುವಾರ ವಿಮಾನ ಹತ್ತಿದರು. ಮೇಲಿನಿಂದಲೇ ಗುರುತು ಸಿಗಲೆಂದು ನಾನು ಇದ್ದಬದ್ದ ಕೆಂಪು ಬೆಡ್‌ಶೀಟುಗಳನ್ನೆಲ್ಲ ತಾರಸಿಯ ಮೇಲೆ ಬಾಣದ ಆಕಾರದಲ್ಲಿ ಹಾಸಿದೆ. ತುದಿ ಅಡುಗೆಮನೆಯ ಕಡೆಗೆ, ಯಾಕೆಂದರೆ ಹೊಸ ಬಣ್ಣ ಹೊಡೆಸಿದ್ದು ಅಲ್ಲಿಗೆ ಮಾತ್ರ.

ಆದರೆ ತಮ್ಮ ಗುಟ್ಟು ಬಯಲಾಗಬಾರದೆಂದು ಇಲ್ಲಿ ಇಳಿಯುವವರೆಲ್ಲ ವಿಮಾನದ ಕಿಟಕಿಯ ಪರದೆ ಕೆಳಗೆಳೆದು ಮುಚ್ಚಬೇಕಂತೆ! ತಮ್ಮವರ ಹಾರಾಟದ ಅಭ್ಯಾಸ ಮುಗಿಯುವ ತನಕ ನರ್ಸಮ್ಮನ ವಿಮಾನ ನನ್ನ ನೆತ್ತಿಯ ಮೇಲೆ ಸುತ್ತಿತು. ನಾನು ಟವೆಲ್ ಬೀಸಿದ್ದೇ ಬೀಸಿದ್ದು, ಅವರು ಪರದೆ ನೋಡಿದ್ದೇ ನೋಡಿದ್ದು. ಬಾಣ ಕಂಡದ್ದು ತಮ್ಮ ಪೈಲಟ್‌ಗಳಿಗೆ. ಜೀಪಿನಲ್ಲಿ ಇಬ್ಬರು ಯೋಧರು ಬಂದೇಬಿಟ್ಟರು.

"ಯಜಮಾನ್ರೇ, ಈ ಬಾಣ ನೆಟ್ಟಗೆ ಎಳೆದ್ರೆ ನಮ್ಮ ಪೆಟ್ರೋಲ್ ಟ್ಯಾಂಕಿಗೇ ಹೋಗಿ ಮುಟ್ಟುತ್ತೆ. ಯಾರಿಗೆ ತೋರಿಸ್ತಿದ್ದೀರಿ?"

"ಹೆಣ್ಣಿಗೆ" ಎಂದೆ.

"ನಿಮಗಾ?" ಎಂದರು. ಈ ಅವಮಾನಕ್ಕೆ ಪ್ರತ್ಯೇಕ ದೂರು ಸಲ್ಲಿಸುತ್ತೇನೆ.

ನರ್ಸಮ್ಮ ಟ್ಯಾಕ್ಸಿ ಇಳಿದು ತಾರಸಿ ಹತ್ತಿದಾಗ ಈ ವರಮಹಾಶಯ ಎರಡೂ ಕೈ ಎತ್ತಿ ನಿಂತಿದ್ದ. ದೇಶ ಕಾಯುವ ಇಬ್ಬರು ಅವನ ಬೆಡ್‌ಶೀಟುಗಳನ್ನು ಬಲು ಅಚ್ಚುಕಟ್ಟಾಗಿ ಮಡಿಸುತ್ತಿದ್ದರು. ವಿಷಯ ತಿಳಿದು ಆಕೆ ಮೆಟ್ಟಿಲ ಮೇಲೇ ಕುಸಿದು ನಕ್ಕರು. "ನನಗೋಸ್ಕರ ಇಷ್ಟೆಲ್ಲಾ ಮಾಡಿದ್ರಾ? ನಾನು ನೋಡ್ಲೇ ಇಲ್ವಲ್ರೀ! ಬರೋ ಭಾನುವಾರ ಮತ್ತೆ ಹಾಸಿ. ಮೇಲಿಂದ ನೋಡ್ಕೊಂಡೇ ಉತ್ತರ ಹೇಳ್ತೀನಿ" ಎಂದು ಹೊರಟೇಹೋದರು.

ಆದ್ದರಿಂದ ಮಾನ್ಯರೇ, ಆಕೆಯ ಪರದೆಯೊಂದನ್ನು ಅರ್ಧ ನಿಮಿಷ ಎತ್ತಲು ಅಪ್ಪಣೆಯಾಗಲಿ. ಆಗದಿದ್ದರೆ ಪೆಟ್ರೋಲ್ ಟ್ಯಾಂಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳಿ. ಅದೂ ಕಷ್ಟವೆಂದರೆ ಆಕೆಯನ್ನು ತಮ್ಮ ಯುದ್ಧವಿಮಾನದ ಹಿಂದಿನ ಸೀಟಿನಲ್ಲೇ ಕರೆತನ್ನಿ. ಅದರಲ್ಲಿ ಪರದೆ ಇಲ್ಲವೆಂದು ಕೇಳಿದ್ದೇನೆ. ಕೈಂಡ್ಲಿ ಡೂ ದ ನೀಡ್‌ಫುಲ್.

ತಮ್ಮ ಬೇಲಿಯ ಈಚೆಗಿನ,
ಸದಾ ಕತ್ತೆತ್ತಿಕೊಂಡಿರುವ ವಿಶ್ವಾಸಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಕೆಯ ಫೋನು. "ಭಾನುವಾರದವರೆಗೆ ಯಾರ್ರೀ ಕಾಯ್ತಾರೆ? ಪೆಟ್ಟಿಗೆ ಸಮೇತ ಬಸ್ ಹತ್ತಿದೀನಿ." ಆದಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಸಂತೋಷದಿಂದ ಹಿಂದಕ್ಕೆ ಪಡೆದಿದ್ದೇನೆ. ಅಂದಹಾಗೆ, ಆ ಬಸ್ಸು ತಮ್ಮ ತಂತಿಬೇಲಿಯ ಉದ್ದಕ್ಕೂ ತೆವಳಿಕೊಂಡೇ ಬರುತ್ತದೆ, ಅದರ ಕಿಟಕಿಗಳಿಗೆ ಪರದೆಯೇ ಇಲ್ಲ. ತಮ್ಮ ಗುಟ್ಟುಗಳನ್ನೆಲ್ಲ ಆಕೆ ನಿಧಾನವಾಗಿ ನೋಡಿಕೊಂಡು ಬರುತ್ತಾರೆ.