ಕೊನೆಯಲ್ಲಿ ಉಣ್ಣುವವರ ನಾಯಿ

ಬಸ್ಸು ಮದ್ದೂರಿನ ಆಚೆ ಕೆಟ್ಟು ನಿಲ್ಲಬಹುದಾಗಿತ್ತು. ಬುಟ್ಟಿಯೊಳಗಿನ ನಾಯಿಮರಿ ಕಂಡಕ್ಟರನ ಬೆರಳು ಕಚ್ಚಬಹುದಾಗಿತ್ತು. ಮಳವಳ್ಳಿಯಲ್ಲಿ ಎತ್ತಿನ ಗಾಡಿ ಸಿಕ್ಕದೆ ಹೋಗಬಹುದಾಗಿತ್ತು. ಸಿಕ್ಕಿದ ಗಾಡಿಯ ಅಚ್ಚು ಮುರಿಯಬಹುದಾಗಿತ್ತು. ಪೂರಿಗಾಲಿಯ ಬೀಗರು, ‘ಯಾರಾದರೂ ಬೀಗರ ಮನೆಗೆ ನಾಯಿ ಹೊತ್ತು ಬರುತ್ತಾರೆಯೇ?’ ಎಂದು ಸಿಡುಕಬಹುದಾಗಿತ್ತು. ನಮ್ಮ ಸೋದರತ್ತೆ ಬೀಗಿತ್ತಿಯ ಮುಖಕ್ಕೇ ಏನಾದರೂ ಅಂದುಬಿಡಬಹುದಾಗಿತ್ತು. (ಇದಂತೂ ಖಂಡಿತ ಎಂದೇ ನಂಬಿದ್ದೆ.) ಆಮೇಲೆ, ಮದುವೆಯಾಗಿ ವರ್ಷ ತುಂಬದ ನನ್ನ ಮಗಳು ಟ್ರಂಕಿನ ಸಮೇತ ತವರಿನ ಜಗಲಿಗೆ ವಾಪಸ್ಸು ಬರಬಹುದಾಗಿತ್ತು! ಇಷ್ಟನ್ನೂ ನಾನು ಮಂಡ್ಯದಲ್ಲಿ ಬಸ್ಸು ಹತ್ತುವ ಮುಂಚೆಯೇ ಯೋಚಿಸಿ ಮುಗಿಸಿದ್ದೆ. ಮೇಷ್ಟ್ರ ಕೆಲಸ ನೋಡಿ, ನಾಳಿನ ಪಾಠ ಇವತ್ತೇ ಸಿದ್ಧಮಾಡಿಕೊಳ್ಳುವ ಅಭ್ಯಾಸ.

ಇದಕ್ಕೆಲ್ಲ ಮೂಲ ಗುತ್ತಲಿನ ನಮ್ಮ ಸೋದರತ್ತೆ. ಮದುವೆಗೆ ಬಂದ ಮಗನಿದ್ದರೆ ಹೆಣ್ಣು ತಂದುಕೊಳ್ಳಬಹುದು. ನಮ್ಮತ್ತೆಯ ಕೈಯಿಂದ ಒಂದು ನಾಯಿಮರಿ ತಂದುಕೊಳ್ಳಿ ನೋಡೋಣ! ಹೆಣ್ಣಿನವರು ಜಾತಕ ನೋಡುತ್ತಾರೆ, ಜಮೀನು ನೋಡುತ್ತಾರೆ. ನಮ್ಮತ್ತೆ ತಪ್ಪಲೆಯ ತಳ ನೋಡುತ್ತಿದ್ದರು. ಅದೇನೆಂದು ಮುಂದೆ ಹೇಳುತ್ತೇನೆ.

ಆ ಕಾಲದಲ್ಲಿ ಮಂಡ್ಯದ ಸುತ್ತಮುತ್ತ ನಾಯಿ ಸಾಕಿದವರಿಗೆ ಇದ್ದ ದಿಕ್ಕು ಯಾವುದು? ಮರಿ ಬೇಕಾದರೆ ಅತ್ತೆ. ಮರಿ ಹೆಚ್ಚಾದರೂ ಅತ್ತೆ. ಕಜ್ಜಿ ಹತ್ತಿದರೆ ಅತ್ತೆಯ ಹೊಂಗೆಣ್ಣೆ. ಕಾಲು ಉಳುಕಿದರೆ, ಅತ್ತೆ ಕಳಿಸಿದರೆಂದು ಹೇಳಿಕೊಂಡು ಪೇಟೆಯ ಲಾಳ ಕಟ್ಟುವ ಸಾಬರ ಹತ್ತಿರ ಹೋಗಬೇಕು. ಕುದುರೆಯ ಕಾಲು ಬಲ್ಲವರಿಗೆ ನಾಯಿಯ ಕಾಲು ಯಾವ ಲೆಕ್ಕ?

ಸಾಬರ ಕೈಯಲ್ಲೂ ಆಗದ ನಾಯಿಯೊಂದನ್ನು ಅತ್ತೆ ಒಮ್ಮೆ ಕಂಕುಳಲ್ಲಿ ಇರುಕಿಕೊಂಡು ದನದ ಆಸ್ಪತ್ರೆಗೆ ನಡೆದರು. ಹಿಂದೆ ನಾನು. ಕಾಂಪೌಂಡರು ದಪ್ಪ ಪುಸ್ತಕ ತಿರುವಿದರು.

“ಇದ್ರಲ್ಲಿ ಎತ್ತು, ಎಮ್ಮೆ, ಅಸ, ಕರ, ಕುರಿ ಅಷ್ಟೇ ಕಣಮ್ಮ. ನಾಯ್ಗೆ ಜಾಗಿಲ್ಲ.”

“ಕರ ಅಂತ ಬರ್ಕೊ.”

“ಕರ ಬೊಗುಳ್ತದಾ?”

“ನೀನು ಸೂಜಿ ಚುಚ್ಚುದ್ರೆ ಕರಾನೂ ಬೊಗುಳ್ತದೆ. ಬರ್ಕಳಯ್ಯ!”

ಬರೆದುಕೊಂಡರು. ಆ ‘ಕರು’ ಮುಂದೆ ಎಷ್ಟೋ ವರ್ಷ ಗುತ್ತಲಿನಲ್ಲಿ ಬೊಗಳಿಕೊಂಡು ಸುಖವಾಗಿತ್ತು. ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆಸಿದ ಕೇಸಿಗೆ ನನ್ನನ್ನು ಸಾಕ್ಷಿ ಕರೆಯುತ್ತಾರೆಂದು ನಾನು ಮಾತ್ರ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.

ನಾಯಿಗೆ ಬುದ್ಧಿ ಕಲಿಸುವ ವಿದ್ಯೆಯೂ ಅತ್ತೆಗೆ ಗೊತ್ತಿತ್ತು. ಬೀದಿಯ ಅಂಗಡಿಯವನೊಬ್ಬ, “ಅವ್ವ, ನೀವ್ ಕೊಟ್ ನಾಯಿ ನನ್ ಮಾತೇ ಕೇಳಾಕಿಲ್ಲ” ಎಂದು ದೂರು ತಂದ.

“ದಿನುಕ್ಕೆಷ್ಟು ಮಾತೇಳ್ತೀಯ?”

“ಒಂದಾ, ಎರಡಾ! ಏಳ್ತಾನೇ ಇರ್ತೀನಿ.”

“ಒಂದೇ ಒಂದೇಳು. ನಾಯೀನೂ ಕೇಳ್ತದೆ, ನಿನ್ನೆಂಡ್ತೀನೂ ಕೇಳ್ತಾಳೆ.”

ಇನ್ನು ತಪ್ಪಲೆಯ ವಿಷಯ. ಮರಿ ಕೇಳಿದವರ ಮನೆಗೆ ಅತ್ತೆ ಹೇಳದೆ ಕೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಹಾಜರಾಗುತ್ತಿದ್ದರು. ಇಕ್ಕಿದ್ದನ್ನು ಉಂಡು, ಎಲೆಅಡಿಕೆ ಹಾಕಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ಕೂರುವರು. ಗಂಡಸರು ಉಂಡು, ಮಕ್ಕಳು ಉಂಡು, ಆಳುಕಾಳು ಉಂಡು, ಹಿರಿಯ ಹೆಂಗಸರು ಉಂಡು, ಕಟ್ಟಕಡೆಗೆ ಒಬ್ಬರು ಉಣ್ಣಲು ಕೂರುತ್ತಾರಲ್ಲ, ಅಲ್ಲಿಯವರೆಗೂ ಏಳುತ್ತಿರಲಿಲ್ಲ. ಆ ಕೊನೆಯವರು ಬಡಿಸಿಕೊಳ್ಳುವಾಗ ಸೌಟು ತಪ್ಪಲೆಯ ತಳಕ್ಕೆ ತಗುಲಿ ‘ಕರಕರ’ ಎಂದಿತೋ, ಮುಗಿಯಿತು. ಆ ಮನೆಗೆ ಮರಿಯಿಲ್ಲ!

ದುದ್ದದ ಸಾಹುಕಾರರೊಬ್ಬರು ಇದರಿಂದ ಕೆರಳಿ ಕೆಂಡವಾದರು. “ಇಪ್ಪತ್ತಾಳು ಉಣ್ಣೋ ಮನೆ ಕಣವ್ವ ನಮ್ದು! ಒಂದ್ ನಾಯ್ಗೆ ಇಕ್ಕಾಕಾಗಾಕಿಲ್ವಾ?”

“ಇಪ್ಪತ್ತಾಳು ಉಂಡಿದ್ದ ನೋಡ್ದೆ ಕಣಪ್ಪ,” ಎಂದರು ಅತ್ತೆ. “ಇಪ್ಪತ್ತೊಂದ್ನೇಯವಳು ಉಂಡಿದ್ದು ಕಾಣ್ನಿಲ್ಲ.”

ಇಪ್ಪತ್ತೊಂದನೆಯವಳು ಆ ಮನೆಯ ಕಿರಿಸೊಸೆ. ಮರಿಯನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬರುವಾಗ ಅತ್ತೆ ನನಗೆ ಉಪದೇಶ ಮಾಡಿದರು: “ನಾಯಿ ಯಜಮಾನಂದಲ್ಲ ಕಣ್ಲಾ, ಕೊನೇಲಿ ಉಣ್ಣೋರ್ದು. ಅವರ್ಗೆ ಉಳುದ್ರೆ ತಾನೇ ಅದುಕ್ಕುಳಿಯಾದು?”

ನಾನು ನಕ್ಕು ಮರೆತೆ. ಆಮೇಲೆ ನನ್ನ ಮಗಳ ಮದುವೆಯಾಯಿತು. ಪೂರಿಗಾಲಿಯಲ್ಲಿ ದೊಡ್ಡ ಮನೆ, ಒಳ್ಳೆಯ ಜನ, ಒಲೆಯ ಮುಂದೆ ಇವಳೇ ಕಿರಿಯವಳು. ಗೌರಿಹಬ್ಬಕ್ಕೆ ಬಂದಾಗ ನೋಡಿದೆ: ಮದುವೆಯಲ್ಲಿ ಕಷ್ಟಪಟ್ಟು ತೊಡಿಸಿದ ಬಳೆ, ಕೈಯೆತ್ತಿದರೆ ಮೊಣಕೈತನಕ ಜಾರುತ್ತಿತ್ತು. ಕೇಳಿದರೆ, “ಚೆನ್ನಾಗಿವ್ನಿ ಕಣಪ್ಪ” ಅಂದಳು. ಹೆಣ್ಣು ಕೊಟ್ಟವನು ಬೀಗರ ಅಡಿಗೆಮನೆಯ ಕಡೆ ಕತ್ತು ತಿರುಗಿಸುವುದುಂಟೇ? ‘ನನ್ನ ಮಗಳಿಗೆ ಹೊಟ್ಟೆತುಂಬ ಇಕ್ಕುತ್ತೀರಾ?’ ಎಂದು ಯಾವ ಬಾಯಲ್ಲಿ ಕೇಳಲಿ? ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಯಾರಿಗೂ ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಬುಟ್ಟಿಯೊಂದಿಗೆ ಬಂದು ನಿಂತರು.

“ನಡೀಲಾ, ಪೂರಿಗಾಲಿಗೆ ಓಗ್ಬುಟ್ಟು ಬರವ. ನಿಮ್ ಬೀಗ್ರು ಕುರಿ ಕಾಯಕ್ಕೆ ಮರಿ ಕೇಳವ್ರೆ.”

“ಯಾವಾಗ ಕೇಳುದ್ರು ಅತ್ತೆ?”

“ಇನ್ಮ್ಯಾಕೆ ಕೇಳ್ತಾರೆ.”

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆ ಕುಡಿದು ಓಡುವ ಬಸ್ಸು. ಅವತ್ತು ಅದು ಎಲ್ಲೂ ಕೆಡಲಿಲ್ಲ. ಗಾಡಿಯೂ ಸಿಕ್ಕಿತು. ಬೀಗರು ಮರಿ ನೋಡಿ ಹಿಗ್ಗಿದರು. ಅವರ ಹಳೆಯ ನಾಯಿಯನ್ನು ಚಿರತೆ ಹೊತ್ತೊಯ್ದಿತ್ತಂತೆ! ಊಟವಾಯಿತು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಕೂತರು. ನಾನು ಜಗಲಿಯ ಮೇಲೆ ಬೀಗರೊಂದಿಗೆ ಮಳೆಬೆಳೆ ಮಾತಾಡುತ್ತಿದ್ದೆ. ಎಲ್ಲರದೂ ಮುಗಿದ ಎಷ್ಟೋ ಹೊತ್ತಿಗೆ ಒಳಗಿನಿಂದ ಕೇಳಿಸಿತು: ಕರಕರ.

ಈಗ ಅತ್ತೆ ಮರಿಯನ್ನು ಎತ್ತಿಕೊಂಡು ಎದ್ದೇಬಿಡುತ್ತಾರೆ, ಹೇಳಬೇಕಾದ್ದನ್ನು ಹೇಳಿಯೇಬಿಡುತ್ತಾರೆ ಎಂದು ಕಂಬ ಹಿಡಿದುಕೊಂಡೆ. ಆದರೆ ಅತ್ತೆ ಜೀವಮಾನದ ಕಟ್ಟಳೆ ಮುರಿದರು. ಮರಿಯನ್ನು ನನ್ನ ಮಗಳ ಮಡಿಲಲ್ಲಿ ಇಟ್ಟರು. ಬೀಗಿತ್ತಿಗೆ ಹೇಳಿದರು:

“ಈ ಜಾತಿ ನಾಯಿ ವಸಿ ಮೊಂಡು ಕಣ್ರವ್ವ. ತಂಗಳು ಮುಟ್ಟಾಕಿಲ್ಲ. ಮನೇಲಿ ಕೊನೇಲಿ ಉಣ್ಣೋರ ಪಕ್ಕದಲ್ಲಿ ಕುಂತ್ಕಂಡು ಅವ್ರುಂಡಷ್ಟೇ ಉಣ್ತದೆ. ಅವ್ರು ಇಡೀ ಮುದ್ದೆ ಉಂಡ್ರೆ ಇದೂ ಇಡೀ ಮುದ್ದೆ. ಅವ್ರು ಅರ್ಧ ಉಂಡ್ರೆ ಇದೂ ಅರ್ಧ. ಅರೆವೊಟ್ಟೆ ನಾಯಿ ಚಿರತೆ ಬಂದ್ರೆ ಬಾಯೇ ಬುಡಾಕಿಲ್ಲ, ಆಮೇಲೆ ನನ್ನ ಕೇಳ್ಬ್ಯಾಡಿ.”

“ಅಯ್ಯೋ ನಮ್ಮವ್ವ, ಎಂತಾ ನಾಯಿ! ಯಾವ ಕಡೆ ಜಾತಿನ್ರವ್ವ ಇದು?”

“ದೂರುದ್ದು.”

ಅತ್ತೆಯ ಹಿತ್ತಿಲ ಹುಲ್ಲಿನ ಮೆದೆಯಲ್ಲಿ ಹುಟ್ಟಿದ ಕಂತ್ರಿಮರಿ ಅದು!

“ತಿಂಗ್ಳಿಗೊಂದ್ಸಲ ಬಂದು ಪಕ್ಕೆ ಮುಟ್ಟಿ ನೋಡ್ತೀನಿ,” ಎಂದು ಅತ್ತೆ ಎದ್ದರು.

ವಾಪಸ್ಸು ಬರುವಾಗ ಗಾಡಿಯಲ್ಲಿ ಕೇಳಿದೆ: “ಅತ್ತೆ, ನನ್ ಮಗಳ್ ವಿಚಾರ ನಿಮ್ಗ್ಯಾರೇಳುದ್ರು?”

ಅತ್ತೆ ರಸ್ತೆ ನೋಡುತ್ತಿದ್ದರು. “ಯಾರೇಳ್ಬೇಕ್ಲಾ? ನಾನೂ ಒಂದ್ ಮನೆಗೆ ಸೊಸೆಯಾಗಿ ಓಗಿದ್ದೆ. ಅಲ್ಲಿ ನಾಯಿ ಇರ್ನಿಲ್ಲ.”

ಮೂರು ತಿಂಗಳ ಮೇಲೆ ನಾನೊಬ್ಬನೇ ಪೂರಿಗಾಲಿಗೆ ಹೋದೆ. ನನ್ನಾಕೆ ಪಡಿತರದ ಅಕ್ಕಿಯಲ್ಲಿ ಹಿಡಿಹಿಡಿ ಉಳಿಸಿ ಕಜ್ಜಾಯ ಮಾಡಿದ್ದಳು. ಬೀಗರಿಗೆಂದು ಒಂದು ಡಬ್ಬಿ. ಮಗಳಿಗೆಂದು ಬೇರೆ ನಾಲ್ಕು, ಕಾಗದದಲ್ಲಿ ಸುತ್ತಿ ನನ್ನ ಕೋಟಿನ ಜೇಬಿನಲ್ಲಿ. ಕಣ್ಣೆದುರೇ ತಿನ್ನಿಸಿ ಬರಬೇಕೆಂದು ಆಜ್ಞೆ. ಹಿತ್ತಿಲಲ್ಲಿ ಯಾರೂ ಇಲ್ಲದ ಸಮಯ ನೋಡಿ ಕೊಡಹೋದೆ. ಮಗಳು ಜೋರಾಗಿ ನಕ್ಕಳು.

“ಒಟ್ಟೆ ಬಿರೀತಾದೆ ಕಣಪ್ಪ, ಈಗ್ತಾನೆ ಉಂಡೆ. ನಿಮ್ ಬೀಗಿತ್ತಿ ಪಕ್ಕದಲ್ಲೇ ಕುಂತು ಇಕ್ಕುಸ್ತಾರೆ, ನಾಯಿ ಬಡವಾಯ್ತದೆ ಅಂತ! ಒಂದ್ ಚೂರೂ ಓಗಾಕಿಲ್ಲ, ನೀನೇ ತಿನ್ನು.”

ಪಕ್ಕದಲ್ಲಿದ್ದ ನಾಯಿಗೆ ಹಿಡಿದೆ. ಪೀಪಾಯಿಯಂತಾಗಿದ್ದ ಅದು ಮೂಸಿ ನೋಡಿ, ನೆರಳಿಗೆ ಹೋಗಿ ಮಲಗಿತು.

ಮನೆಗೆ ಬಂದಾಗ ನನ್ನಾಕೆ ಮೊದಲು ಕೇಳಿದ್ದು, “ತಿಂದ್ಲಾ?”

“ಇಲ್ಲ. ಒಟ್ಟೆ ತುಂಬಿತ್ತಂತೆ.”

ಅವಳು ಕಣ್ಣೊರೆಸಿಕೊಂಡು, ನನ್ನ ಕೋಟು ನೋಡಿ ಬೈಯಲು ಶುರುಮಾಡಿದಳು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲವಲ್ಲ, ಕೆಟ್ಟದ್ದು ಇದೊಂದೇ: ನಾಲ್ಕು ಕಜ್ಜಾಯ ದಾರಿಯುದ್ದಕ್ಕೂ ಎಣ್ಣೆ ಬಿಟ್ಟು, ನನಗಿದ್ದ ಒಂದೇ ಕೋಟಿನ ಜೇಬಿನ ಮೇಲೆ ಅಂಗೈಯಗಲದ ಕಲೆ ಮಾಡಿದ್ದವು. ಎಷ್ಟು ಒಗೆದರೂ ಹೋಗಲಿಲ್ಲ. ನಾವೂ ಅಷ್ಟೊಂದೇನೂ ಒಗೆಯಲಿಲ್ಲ ಅನ್ನಿ.