ರೆಕ್ಕೆಯ ದೇವಿಗೆ ಉಡಿ ತುಂಬಿದ್ದು

ನನಗೊಂದು ರೋಗವಿದೆ. ನನಗೆ ಅದರಿಂದ ಯಾವ ತ್ರಾಸೂ ಇಲ್ಲ, ಜೊತೆಗಿದ್ದವರಿಗೆ ಮಾತ್ರ ತಲೆನೋವು. ಎಲ್ಲಿ ಹಳೆಯ ಕಲ್ಲು ಕಂಡರೂ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮೂವತ್ತು ವರ್ಷ ಬಾಗಲಕೋಟೆಯಿಂದ ಬಸ್ಸಿನಲ್ಲಿ ಹೋಗಿಬಂದು ಹುನಗುಂದದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ್ದರ ಫಲ ಇದು. ಪ್ರತಿ ವರ್ಷ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಐಹೊಳೆ, ಪಟ್ಟದಕಲ್ಲು, ಬಾದಾಮಿ ಸುತ್ತಿಸುತ್ತಿದ್ದೆ. ಒಂದೊಂದು ಕಂಬದ ಮುಂದೆಯೂ ಕಾಲು ಗಂಟೆ ಮಾತಾಡುತ್ತಿದ್ದೆ. ಮರುದಿನ ‘ನಾನು ಕಂಡ ಬಾದಾಮಿ’ ಎಂದು ಬರೆಯಲು ಹೇಳಿದರೆ ಎಲ್ಲ ಮಕ್ಕಳೂ ತಪ್ಪದೆ ಬುತ್ತಿ ಕಸಿದುಕೊಂಡ ಮಂಗನ ಬಗ್ಗೆ ಬರೆಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ‘ಅಲ್ಲಿ ಕಲ್ಲುಗಳು ಇದ್ದವು, ಸರ್ ಕೂಡ ಇದ್ದರು’ ಎಂದು ಬರೆದಿದ್ದಳು. ಅವಳಿಗೆ ಒಳ್ಳೆಯ ಅಂಕವನ್ನೇ ಕೊಟ್ಟೆ.

ಇಂಥ ನಾನು ನಿವೃತ್ತಿಯಾದ ಮೇಲೆ ಹೆಂಡತಿ ನೀಲಮ್ಮನ ಜೊತೆ ಹಡಗಿನ ಪ್ರವಾಸಕ್ಕೆ ಹೊರಟೆ. ಹುಬ್ಬಳ್ಳಿಯ ಟೂರಿನವರು ಕರೆದುಕೊಂಡು ಹೋಗುವ ಪ್ರವಾಸ. ಗ್ರೀಸಿನಲ್ಲಿ ಹಡಗು ಹತ್ತುವುದು, ನಡುನಡುವೆ ಒಂದೊಂದು ಊರಿನಲ್ಲಿ ಇಳಿದು ನೋಡಿ ಸಂಜೆಯೊಳಗೆ ಮತ್ತೆ ಹಡಗು ಸೇರುವುದು. ಒಂದು ದಿನ ಟರ್ಕಿ ದೇಶದ ದಂಡೆಯಲ್ಲಿ ನಿಲ್ಲುತ್ತದೆ, ಅಲ್ಲಿ ಎಫೆಸಸ್ ಎಂಬ ಹಾಳೂರು ಇದೆ, ಅದರ ಹತ್ತಿರದ ಗುಡ್ಡದ ಮೇಲೆ ಏಸುವಿನ ತಾಯಿ ಮೇರಿಯಮ್ಮ ಕೊನೆಗಾಲದಲ್ಲಿ ಇದ್ದಳೆಂದು ನಂಬುವ ಮನೆ ಇದೆ ಎಂದು ಹಾಳೆಯಲ್ಲಿ ಬರೆದಿತ್ತು. ಈ ಸುದ್ದಿ ನಮ್ಮ ಪಕ್ಕದ ಮನೆಯ ಮಾರ್ತಾಬಾಯಿಯವರ ಕಿವಿಗೆ ಬಿತ್ತು.

ಮಾರ್ತಾಬಾಯಿ ನಿವೃತ್ತ ನರ್ಸು. ಹಳೆಯ ಬಾಗಲಕೋಟೆಯಲ್ಲಿ ನಮ್ಮ ಓಣಿಯವರೇ. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿದಾಗ ನಾವೆಲ್ಲ ನವನಗರಕ್ಕೆ ಬಂದೆವು. ಅದೃಷ್ಟಕ್ಕೆ ಇಬ್ಬರ ಮನೆಗಳೂ ಪಕ್ಕಪಕ್ಕದಲ್ಲೇ ಆದವು. ಅವರ ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಪ್ರತಿ ರವಿವಾರ ಚರ್ಚಿನಿಂದ ಬರುತ್ತಲೇ ನಮ್ಮ ಮನೆಗೆ ಬಂದು ನನ್ನ ರಕ್ತದೊತ್ತಡ ನೋಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿದಾಗ ಮಾತಾಡಬಾರದೆಂಬುದು ಅವರ ನಿಯಮ. ವಾರದಲ್ಲಿ ನಾನು ಎಚ್ಚರವಿದ್ದೂ ಸುಮ್ಮನಿರುವುದು ಆ ಎರಡು ನಿಮಿಷ ಮಾತ್ರ ಎಂದು ನೀಲಮ್ಮ ಹೇಳುತ್ತಾಳೆ.

ಹೊರಡುವ ಹಿಂದಿನ ದಿನ ಮಾರ್ತಾಬಾಯಿ ಒಂದು ಚೀಟಿ ತಂದುಕೊಟ್ಟರು. ನಾಲ್ಕು ಮಡಿಕೆ ಮಾಡಿ, ಗಾಯಕ್ಕೆ ಹಾಕುವ ಹಾಗೆ ಬಿಳಿ ದಾರದಿಂದ ಸುತ್ತಲೂ ಸಣ್ಣ ಹೊಲಿಗೆ ಹಾಕಿದ್ದರು.

“ಮಾಸ್ತರ, ಅಲ್ಲಿ ತಾಯಿ ಮನಿ ಮುಂದ ಒಂದು ಗ್ವಾಡಿ ಐತಂತ. ಮಂದಿ ತಮ್ಮ ಬೇಡಿಕಿ ಬರದು ಕಟ್ತಾರಂತ. ಇದನ್ನೊಂದು ಕಟ್ಟಿ ಬರ್ರಿ. ಬಿಚ್ಚಿ ಓದಬ್ಯಾಡ್ರಿ ಮತ್ತ.”

“ನಾ ಯಾಕ ಓದ್ಲಿ ಬಾಯಾರ?”

“ಮಂದಿ ಬರದ ಪೇಪರ್ ಓದಿ ಓದಿ ರೂಢಿ ಆಗೇತಿ ನಿಮಗ, ಅದಕ್ಕ ಹೇಳಿದೆ.”

ನಾನು ನಕ್ಕು ಚೀಟಿ ತೆಗೆದುಕೊಂಡೆ. ತೆಗೆದುಕೊಂಡವನು ಎಂದಿನ ರೂಢಿಯಂತೆ “ಇದನ್ನ ಇಟ್ಕೊ” ಎಂದು ನೀಲಮ್ಮನ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ಜವಾಬ್ದಾರಿ ಹೊರುವವನು ನಾನು, ಅದನ್ನು ಇಟ್ಟುಕೊಳ್ಳುವವಳು ಅವಳು. ಅವಳು ಆಗ ಉಡಿಯ ಸಾಮಾನು ಕಟ್ಟುತ್ತಿದ್ದಳು. ಯಾವ ದೇವಿಯ ಗುಡಿಗೆ ಹೋದರೂ ನಮ್ಮ ಕಡೆಯ ಹೆಣ್ಣುಮಕ್ಕಳು ಉಡಿ ತುಂಬದೆ ಬರುವುದಿಲ್ಲ. ಬನಶಂಕರಿಗೆ ತುಂಬುವಂತೆಯೇ ಮೇರಿಯಮ್ಮನಿಗೂ ಒಂದು ಗುಳೇದಗುಡ್ಡದ ಕುಪ್ಪಸದ ಖಣ, ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ, ಅರಿಶಿನ ಬೇರು ಎಲ್ಲ ತಯಾರಾಗಿತ್ತು. “ಅವರಲ್ಲಿ ಇದೆಲ್ಲ ನಡೆಯಂಗಿಲ್ಲ” ಎಂದೆ. “ಆಕಿ ಹಡದಾಕಿ ಹೌದಲ್ರಿ? ಹಡದಾಕಿಗೆ ಉಡಿ ಬ್ಯಾಡಂದ್ರ ಹೆಂಗ?” ಎಂದಳು. ತಿನ್ನುವ ಪದಾರ್ಥ ದಂಡೆಗೆ ಒಯ್ಯಬಾರದು ಎಂದು ಹಡಗಿನವರು ಹೇಳಿದಾಗಲೂ, ಉಡಿ ತಿನ್ನುವ ಪದಾರ್ಥವಲ್ಲ ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿ, ಇಳಕಲ್ ಸೀರೆಯ ಸೆರಗಿನೊಳಗೆ ಗಂಟು ಹಿಡಿದು ಇಳಿದಳು. ಕಾಲಲ್ಲಿ ಟೂರಿನವರು ಹೇಳಿದ್ದ ಬೂಟು.

ಎಫೆಸಸ್ ನೋಡಿದ ಕೂಡಲೇ ನನಗೆ ರೋಗ ಉಲ್ಬಣಿಸಿತು. ಎರಡೂ ಬದಿಗೆ ಕಂಬಗಳು, ನಡುವೆ ನುಣುಪಾದ ಕಲ್ಲಿನ ಬೀದಿ, ಆ ಬೀದಿಯ ತುದಿಗೆ ಎರಡಂತಸ್ತಿನ ಗ್ರಂಥಾಲಯದ ಮುಖ. ನಮ್ಮ ಮಾರ್ಗದರ್ಶಿ ಒಬ್ಬ ಟರ್ಕಿಯ ಹೆಣ್ಣುಮಗಳು, ಪಾಪ, ಒಳ್ಳೆಯವಳು. ಆಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ನಾನು ಹುಬ್ಬಳ್ಳಿಯ ತಂಡಕ್ಕೆ ಕನ್ನಡದಲ್ಲಿ ಹತ್ತು ವಾಕ್ಯ ಹೇಳುತ್ತಿದ್ದೆ. ಇವರು ಕಲ್ಲು ತಂದು ಜೋಡಿಸಿ ಕಟ್ಟಿದರು, ನಮ್ಮವರು ಬಾದಾಮಿಯಲ್ಲಿ ಇದ್ದ ಗುಡ್ಡವನ್ನೇ ಕೊರೆದರು, ಹೀಗೆ. ಆದರೆ ಆಕೆಯ ಒಂದು ಮಾತನ್ನು ನಾನೂ ಕಿವಿಗೊಟ್ಟು ಕೇಳಿದೆ. ಒಂದು ಕಾಲಕ್ಕೆ ಸಮುದ್ರ ಈ ಬೀದಿಯ ತುದಿಯವರೆಗೂ ಇತ್ತಂತೆ. ಹೊಳೆ ತಂದ ಹೂಳು ತುಂಬಿ ತುಂಬಿ ಸಮುದ್ರ ದೂರ ಸರಿಯಿತು, ಹಡಗು ಬರುವುದು ನಿಂತಿತು, ಊರು ಹಾಳಾಯಿತು. ಅಲ್ಲಿ ನೀರು ಊರನ್ನು ಬಿಟ್ಟು ಹೋಯಿತು. ನಮ್ಮಲ್ಲಿ ನೀರೇ ಊರಿಗೆ ಬಂತು. ಎರಡರಲ್ಲೂ ಜನ ಗಂಟುಮೂಟೆ ಕಟ್ಟಿಕೊಂಡು ನಡೆಯಬೇಕಾಯಿತು. ನಮ್ಮ ಓಣಿಯ ಕಟ್ಟೆ, ಅಲ್ಲಿ ಸಂಜೆ ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲಿ ಬರುತ್ತಿದ್ದ ಮಾರ್ತಾಬಾಯಿ ನೆನಪಾದರು. ಇದನ್ನು ಮಾತ್ರ ತಂಡಕ್ಕೆ ಹೇಳಲಿಲ್ಲ.

ಅದಕ್ಕೂ ಸ್ವಲ್ಪ ಮೊದಲು ಒಂದು ಘಟನೆ ನಡೆದುಹೋಗಿತ್ತು, ನನಗೆ ಗೊತ್ತಾಗಿರಲಿಲ್ಲ. ಬೀದಿಗೆ ಇಳಿಯುವ ಮುಂಚೆ ಒಂದು ಕಡೆ ದೊಡ್ಡ ಕಲ್ಲಿನಲ್ಲಿ ರೆಕ್ಕೆಯಿರುವ ಹೆಂಗಸಿನ ಉಬ್ಬುಚಿತ್ರವಿದೆ, ಕೈಯಲ್ಲಿ ಹೂವಿನ ಉಂಗುರದಂಥ ಹಾರ. ಗ್ರೀಕರ ಜಯದ ದೇವಿ. ಮಾರ್ಗದರ್ಶಿ ಬಾಯಿ ತೆರೆಯುವ ಮೊದಲೇ ನಾನು ಕೈ ಚಾಚಿ, “ನೋಡ್ರಿ, ಇಕಿನಽ ಇಲ್ಲಿ ದೇವಿ!” ಎಂದು ಸಾರಿದೆ. ಆಮೇಲೆ ಗ್ರೀಕರ ಬಗ್ಗೆ ಐದು ನಿಮಿಷ ಮಾತಾಡುತ್ತ ತಂಡವನ್ನು ಮುಂದೆ ನಡೆಸಿದೆ. ಆ ಐದು ನಿಮಿಷವನ್ನು ಕೇಳದ ಒಬ್ಬಳೇ ಒಬ್ಬಳು ನನ್ನ ಹೆಂಡತಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಮೊದಲ ವಾಕ್ಯ ಮಾತ್ರ ಕೇಳುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಮಧ್ಯಾಹ್ನ ಬಸ್ಸು ಗುಡ್ಡ ಹತ್ತಿತು. ಮೇರಿಯಮ್ಮನ ಮನೆ ನಾನು ತಿಳಿದಷ್ಟು ದೊಡ್ಡದಿರಲಿಲ್ಲ. ಗಿಡಮರಗಳ ನಡುವೆ ಕಲ್ಲಿನ ಪುಟ್ಟ ಮನೆ, ಒಳಗೆ ಮಂದ ಬೆಳಕು, ಒಂದು ಮೂರ್ತಿ. ತಲೆಗೆ ಬಟ್ಟೆ ಕಟ್ಟಿದ ಆ ಊರಿನ ಮುಸಲ್ಮಾನ ಹೆಂಗಸರೂ ಬಂದು ಕೈಯೆತ್ತಿ ಬೇಡಿಕೊಳ್ಳುತ್ತಿದ್ದರು. ನಮ್ಮ ಮನೆಯ ಹೆಂಗಸರು ಇಳಕಲ್ಲಿನ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬರುವುದಿಲ್ಲವೇ, ಹಾಗೆ. ಅಲ್ಲಿಯವರು ಆಕೆಯನ್ನು ‘ಮೆರ್ಯಮ್ ಅನಾ’ ಎನ್ನುತ್ತಾರೆ, ಅನಾ ಎಂದರೆ ಅವ್ವ ಎಂದು ಮಾರ್ಗದರ್ಶಿ ಹೇಳಿದಳು. ಹೊರಗೆ ಬಂದರೆ ನೀರಿನ ನಲ್ಲಿಗಳು, ಅದರಾಚೆ ಆ ಗೋಡೆ. ಗೋಡೆ ಎಲ್ಲಿ ಕಾಣಬೇಕು? ತುಂಬ ಚೀಟಿ, ಬಟ್ಟೆಯ ಚೂರು, ದಾರ, ಸಾವಿರಾರು ಬೇಡಿಕೆ. ನಾನು ನೀಲಮ್ಮನ ಮುಂದೆ ಕೈ ಚಾಚಿದೆ.

“ಬಾಯಾರ ಚೀಟಿ ಕೊಡು.”

“ಅದು ಉಡಿಯಾಗ ಹೋತಲ್ರಿ.”

“ಯಾವ ಉಡಿಯಾಗ?”

“ಬೆಳಿಗ್ಗೆ ತುಂಬಿದೆನಲ್ಲ, ಕೆಳಗ, ರೆಕ್ಕಿ ಇದ್ದಾಕಿಗೆ. ಖಣದಾಗ ಚೀಟಿ ಇಟ್ಟು ಆಕಿ ಪಾದದ ಕಡೆ ಇಟ್ಟು ಕೈಮುಗದೆ. ಒಂದು ಬೆಕ್ಕು ಬಂದು ಕೊಬ್ಬರಿ ಮೂಸಾಕತ್ತಿತ್ತು, ಅದನ್ನೂ ಓಡಿಸಿದೆ.”

“ಆಕಿ ಮೇರಿಯಮ್ಮ ಅಲ್ಲ, ನೀಲಾ!”

“ನೀವಽ ಎಲ್ಲಾರ ಮುಂದ ಹೇಳಿದ್ರಿ, ಇಕಿನಽ ದೇವಿ ಅಂತ. ಬಾಯಾರ ಮನ್ಯಾಗ ಕ್ಯಾಲೆಂಡರಿನ್ಯಾಗ ರೆಕ್ಕಿ ಇದ್ದವರಽ ಅದಾರ. ನನಗೇನು ಗೊತ್ತು?”

ತಪ್ಪು ಅವಳದೆಂದು ಹೇಳಲು ಎಷ್ಟು ಹುಡುಕಿದರೂ ಜಾಗ ಸಿಗಲಿಲ್ಲ. ಹಿಂದಕ್ಕೆ ಹೋಗುವಂತಿರಲಿಲ್ಲ, ಬಸ್ಸು ಅಲ್ಲಿಂದ ನೇರ ಬಂದರಿಗೆ, ಹಡಗು ಯಾರಿಗೂ ಕಾಯುವುದಿಲ್ಲ. ಒಂದು ಹೆಣ್ಣುಜೀವ ನಂಬಿ ಕೊಟ್ಟ ಬೇಡಿಕೆಯನ್ನು ಬೇರೆ ವಿಳಾಸಕ್ಕೆ ಮುಟ್ಟಿಸಿಬಿಟ್ಟಿದ್ದೆವು.

“ಇನ್ನೊಂದು ಬರದು ಕಟ್ಟೋಣ್ರಿ” ಎಂದಳು ನೀಲಮ್ಮ. ಜೇಬಿನಿಂದ ಪೆನ್ನು ತೆಗೆದೆ, ಟೂರಿನವರ ಹಾಳೆಯ ಹಿಂಬದಿ ಹರಿದುಕೊಂಡೆ. ‘ಅವ್ವಾ’ ಎಂದು ಬರೆದೆ. ಮುಂದೆ? ಮಾರ್ತಾಬಾಯಿ ಏನು ಬೇಡಿದ್ದರು? “ಮೊಣಕಾಲು ನೋವು ಇದ್ದೀತೇನು?” ಎಂದೆ. “ಮೊಣಕಾಲು ನೋವು ನಿಮಗ” ಎಂದಳು. “ನಿದ್ದೆ ಬರಂಗಿಲ್ಲೇನೊ?” “ಅದು ನನಗ.” ಅವರಿಗೆ ಅಕ್ಕ ತಂಗಿ ಯಾರಾದರೂ ಇದ್ದಾರೆಯೇ ಎಂಬುದೂ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಒತ್ತಡ, ನೀಲಮ್ಮನ ಸಕ್ಕರೆ, ಮಗಳ ಬಾಣಂತನ, ಎಲ್ಲ ಅವರಿಗೆ ಗೊತ್ತು. ಇಷ್ಟು ವರ್ಷದ ರವಿವಾರಗಳಲ್ಲಿ ಅವರ ಮೈ ಹೇಗಿದೆ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಆ ಗೋಡೆಯ ಮುಂದೆ ನಿಂತು ನನಗೆ ಬಹಳ ನಾಚಿಕೆಯಾಯಿತು. ಕೊನೆಗೆ ಹೈಸ್ಕೂಲಿನ ಅರ್ಜಿಯ ಭಾಷೆಯಲ್ಲೇ ಬರೆದೆ:

‘ಅವ್ವಾ, ಬಾಗಲಕೋಟೆಯ ಮಾರ್ತಾಬಾಯಿಯವರು ತಮಗೆ ಬರೆದ ಚೀಟಿ ನಮ್ಮ ತಪ್ಪಿನಿಂದ ಕೆಳಗಿನ ಊರಿನಲ್ಲಿ ರೆಕ್ಕೆಯಿರುವ ಬಾಯಿಯವರ ಹತ್ತಿರ ಇದೆ. ದಯವಿಟ್ಟು ತರಿಸಿಕೊಂಡು ಓದಬೇಕು. ಒಳಗೆ ಏನಿದೆ ಎಂದು ನಮಗೆ ಗೊತ್ತಿಲ್ಲ. ಗೊತ್ತಿರಬೇಕಾಗಿತ್ತು.’

ಕೆಳಗೆ ರುಜು ಹಾಕಿದೆ. ನೀಲಮ್ಮ ಸೀರೆಯ ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತುಕೊಟ್ಟಳು. ಅದರಿಂದ ಕಟ್ಟಿದೆವು.

ಊರಿಗೆ ಬಂದ ಮೇಲೆ ಸುಳ್ಳು ಹೇಳುವ ಧೈರ್ಯ ನನಗಿತ್ತು. ‘ಕಟ್ಟಿದೆವು’ ಎಂದರೆ ಮುಗಿಯಿತು, ಅರ್ಧ ಖರೆಯೂ ಹೌದು. ಆದರೆ ರವಿವಾರ ಮಾರ್ತಾಬಾಯಿ ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಾಗ ಒತ್ತಡ ಎಷ್ಟು ಏರಿತ್ತೆಂದರೆ, “ಏನಾತ್ರಿ ಮಾಸ್ತರ?” ಎಂದು ಅವರೇ ಕೇಳಿದರು. ಎಲ್ಲ ಹೇಳಿಬಿಟ್ಟೆ. ಅವರು ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಆಕಿಗೆ ಉಡಿ ತುಂಬಿದೇನವ್ವಾ? ಎಷ್ಟು ವರ್ಷ ಆಗಿತ್ತೊ ಏನೊ ಆಕಿಗೆ ಯಾರರ ಏನರ ಕೊಟ್ಟು. ಚಲೋ ಮಾಡಿದಿ ಬಿಡು ನೀಲವ್ವ.”

“ಬಾಯಾರ,” ಎಂದೆ, “ಚೀಟ್ಯಾಗ ಏನು ಬರದಿದ್ರಿ?”

ಅವರು ಪಟ್ಟಿಯನ್ನು ನಿಧಾನಕ್ಕೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

“ಹೊಟ್ಟ್ಯಾಗ ಗಡ್ಡಿ ಆಗೇತ್ರಿ. ತಗೀಬೇಕಂತ ಡಾಕ್ಟರ್ ಮೂರು ತಿಂಗಳ ಹಿಂದಽ ಹೇಳ್ಯಾರ. ಆಪರೇಶನ್ನಿಗೆ ಅಂಜಿಕಿ ಇಲ್ಲ, ನಾ ನೋಡದ್ದೇನೈತಿ ಅದರಾಗ? ಆದ್ರ ಒಳಗ ಹೋಗೊ ಮುಂದ ಪೇಶಂಟ್ ಎಲ್ಲಾರೂ ಒಮ್ಮೆ ಹೊಳ್ಳಿ ನೋಡ್ತಾರ. ಹೊರಗ ಕುಂಡ್ರೊ ಬಾಕಿನ ಮ್ಯಾಲ ತಮ್ಮವರು ಯಾರರ ಕುಂತಿರ್ತಾರ. ನಾ ಹೊಳ್ಳಿ ನೋಡಿದ್ರ ಬಾಕು ಖಾಲಿ ಇರ್ತೈತಲ್ಲ ಅಂತ ಹೋಗಿಲ್ಲ. ಅಲ್ಲಿ ಕುಂಡ್ರಾಕ ಒಬ್ಬರನ್ನ ಕಳಸು ತಾಯಿ ಅಂತ ಬರದಿದ್ದೆ.”

ನೀಲಮ್ಮ ಅಳತೊಡಗಿದಳು. ನನಗೆ ಸಿಟ್ಟೇ ಬಂತು. “ಅದನ್ನ ನಮಗ ಹೇಳಾಕ ಏನಾಗಿತ್ರಿ? ನಡುವ ಇರೋದು ಒಂದು ಗ್ವಾಡಿ!”

“ಹೇಳಬೇಕಂತ ಎರಡು ರವಿವಾರ ಬಂದಿದ್ದೆ, ಮಾಸ್ತರ. ನೀವು ಬಾದಾಮಿದು ಹೇಳಾಕತ್ತಿದ್ರಿ.”

ಮರುವಾರವೇ ದವಾಖಾನೆಗೆ ಹೋದೆವು. ಗಡ್ಡೆ ಕೆಟ್ಟದ್ದಲ್ಲವೆಂದು ಆಮೇಲೆ ತಿಳಿಯಿತು, ಈಗ ಅವರು ಮನೆಯಲ್ಲಿ ನೀಲಮ್ಮ ಮಾಡಿದ ಗಂಜಿಯನ್ನು ಬೈಯುತ್ತ ಕುಡಿಯುತ್ತಿದ್ದಾರೆ. ಆದರೆ ಆ ದಿನ ಬೆಳಿಗ್ಗೆ ನಮಗೆ ಅದೇನೂ ಗೊತ್ತಿರಲಿಲ್ಲ. ಅವರನ್ನು ಹಸಿರು ಬಟ್ಟೆ ತೊಡಿಸಿ ತಳ್ಳುವ ಮಂಚದ ಮೇಲೆ ಮಲಗಿಸಿದ್ದರು. ಒಪ್ಪಿಗೆ ಪತ್ರಕ್ಕೆ ಸಂಬಂಧಿಕರ ರುಜು ಬೇಕೆಂದು ಕೌಂಟರಿನ ಹುಡುಗಿ ನನ್ನನ್ನು ಕರೆದಳು.

“ಪೇಶಂಟಿಗೆ ನೀವೇನಾಗಬೇಕ್ರಿ ಸರ?”

ಎಫೆಸಸ್ಸಿನ ಒಂದೊಂದು ಕಂಬಕ್ಕೂ ಹತ್ತು ವಾಕ್ಯ ಹೇಳಿದ ನನಗೆ ಒಂದು ಶಬ್ದ ಸಿಗಲಿಲ್ಲ. ಪಕ್ಕದ ಮನೆಯವರು ಎಂದರೆ ಆಕೆ ಬರೆದುಕೊಳ್ಳುತ್ತಿರಲಿಲ್ಲ, ಬಂಧು ಎನ್ನಲು ನನಗೆ ಮುಖವಿರಲಿಲ್ಲ. ಮಂಚ ಬಾಗಿಲ ಹತ್ತಿರ ಹೋಗಿತ್ತು. ಅಲ್ಲಿಂದ ಮಾರ್ತಾಬಾಯಿ ಹೊರಳಿ ನೋಡಿದರು. ನೀಲಮ್ಮ ಆಗಲೇ ಬಾಕಿನ ಮೇಲೆ ಕುಳಿತಿದ್ದಳು.

“ತಮ್ಮ ಅಂತ ಬರ್ಕೊ ಬೇ” ಎಂದು ಅವರು ಕೌಂಟರಿನ ಕಡೆ ಕೂಗಿ ಹೇಳಿದರು.

ವಯಸ್ಸಿನಲ್ಲಿ ನಾನು ಅವರಿಗಿಂತ ಎರಡು ವರ್ಷ ದೊಡ್ಡವನು. ಮೂವತ್ತು ವರ್ಷ ಕಂಡವರ ತಪ್ಪು ತಿದ್ದಿಯೇ ಹೊಟ್ಟೆ ಹೊರೆದವನು ಅವತ್ತು ಸುಮ್ಮನೆ ರುಜು ಹಾಕಿದೆ.