ಡ್ಯೂಕ್ ಒಪ್ಪುವುದಿಲ್ಲ

ಯಜ್ಞನಾರಾಯಣ ಮಾಷ್ಟ್ರ ಮುಂದೆ ಮೈಕ್ ಇಟ್ಟದ್ದೇ ಅಭಿರಾಮ ಮಾಡಿದ ತಪ್ಪು. ಆ ಬುದ್ಧಿ ಹೇಳಿಕೊಟ್ಟದ್ದು ಮಾತ್ರ ಮಾಷ್ಟ್ರ ಹೆಂಡತಿ ನರ್ಮದಮ್ಮ.

ಅದು ಎರಡು ಸಾವಿರದ ಎಂಟನೇ ಇಸವಿ. ಅಭಿರಾಮ ಮಣಿಪಾಲದ ಒಂದು ಕಾಲೇಜಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದ. ಅಲ್ಲಿಯ ಲೈಬ್ರರಿಯಲ್ಲಿದ್ದ ಮಾಷ್ಟ್ರ ಮಗಳು ಶೈಲಶ್ರೀಯನ್ನು ಮದುವೆಯಾಗಬೇಕೆಂದು ಅವನಿಗೆ ಎರಡು ವರ್ಷದಿಂದ ಆಸೆ. ಅವಳ ಒಪ್ಪಿಗೆ ಇತ್ತು, ತಾಯಿಯ ಒಪ್ಪಿಗೆಯೂ ಇತ್ತು. ಉಳಿದದ್ದು ತಂದೆಯದು. ಮಾಷ್ಟ್ರ ಎದುರು ನಿಂತರೆ ಅಭಿರಾಮನ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ಈಗಂತೂ ಸೋಮವಾರ ಹಿರಿಯಡ್ಕದಿಂದ ಹೆಣ್ಣು ನೋಡಲು ಬರುವವರಿದ್ದರು.

"ಅವರಿಗೆ ಮಾತಾಡಲಿಕ್ಕೆ ಒಂದು ಅವಕಾಶ ಕೊಡು," ಎಂದಿದ್ದರು ನರ್ಮದಮ್ಮ. "ಮಾತಾಡಿ ಹೊಟ್ಟೆ ತುಂಬಿದ ಮೇಲೆ ಎಂತ ಕೇಳಿದರೂ ಕೊಡ್ತಾರೆ. ಕಾಫಿ ಕೊಡುವಾಗ ನಾನೇ ಸುದ್ದಿ ತೆಗೀತೇನೆ."

ಕಾಲೇಜಿನವರಿಗೆ ಒಂದು ಹಳೆಯ ಇಟಾಲಿಯನ್ ಒಪೆರಾ ಕನ್ನಡದ ಪಾಡ್‌ಕಾಸ್ಟ್ ಆಗಬೇಕಿತ್ತು. ಪಾಡ್‌ಕಾಸ್ಟ್ ಎಂದರೆ ಕಂಪ್ಯೂಟರಿಗೆ ಇಳಿಸಿಕೊಂಡು ಬೇಕಾದಾಗ ಕೇಳುವ ರೇಡಿಯೋ ಎಂದು ಅಭಿರಾಮ ಎಲ್ಲರಿಗೂ ಹೇಳಿ ಹೇಳಿ ಸುಸ್ತಾಗಿದ್ದ. ಮೂರು ಗಂಟೆ ಹಾಡುವ ಕಥೆಯನ್ನು ಹದಿನೈದು ನಿಮಿಷದ ಮಾತಿಗೆ ಇಳಿಸಿದ್ದ. ಡ್ಯೂಕನ ಮಗಳು ಬಡ ಪಿಟೀಲುಗಾರನನ್ನು ಪ್ರೀತಿಸುತ್ತಾಳೆ, ಡ್ಯೂಕ್ ಒಪ್ಪುವುದಿಲ್ಲ, ಕೊನೆಗೆ ಪಿಟೀಲು ಕೇಳಿ ಕರಗಿ ಒಪ್ಪುತ್ತಾನೆ. ಮಾಷ್ಟ್ರೇ ಡ್ಯೂಕ್.

ಭಾನುವಾರ ಮಧ್ಯಾಹ್ನ ಕಲ್ಯಾಣಪುರದ ಮಾಷ್ಟ್ರ ಮನೆಯ ಚಾವಡಿಯಲ್ಲಿ ಹೊರಗಿನ ಸದ್ದು ಬಾರದಂತೆ ಕಿಟಕಿಗಳಿಗೆ ಕಂಬಳಿ ಕಟ್ಟಿಯಾಯಿತು. ಮಗಳ ಪಾತ್ರಕ್ಕೆ ಪಕ್ಕದ ಮನೆಯ ಸೆಲೀನ್ ಬಾಯಿ. ಇಗರ್ಜಿಯಲ್ಲಿ ಹಾಡುವ ಗಟ್ಟಿ ಕಂಠ. ಪಿಟೀಲುಗಾರನಾಗಬೇಕಿದ್ದ ಅವರ ತಮ್ಮ ಸ್ಟ್ಯಾನಿಸ್ಲಾಸ್ ಹಿಂದಿನ ದಿನದ ಮದುವೆಯಲ್ಲಿ ನಾಲ್ಕು ಕಪ್ ಐಸ್‌ಕ್ರೀಮ್ ತಿಂದು ಗಂಟಲು ಕಟ್ಟಿಸಿಕೊಂಡು ಮಲಗಿದ್ದ.

"ನೀನೇ ಓದು ಮಾರಾಯ. ಕಾಗದ ನೋಡಿ ಓದುವುದಲ್ವಾ?" ಎಂದರು ಸೆಲೀನ್ ಬಾಯಿ.

ಓದುವುದು ಅಭಿರಾಮನಿಗೆ ಮಾತ್ರ. ಮಾಷ್ಟ್ರು ಕಾಗದವನ್ನು ಮಡಚಿ ತೊಡೆಯಡಿಗೆ ಹಾಕಿ ಕುಳಿತರು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಬರೀ ಮಾತಿನಲ್ಲಿ ಎದುರಾಳಿಯನ್ನು ಬಗ್ಗಿಸುವ ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು ಅವರು. ಅವರದು ಒಂದೇ ಕಟ್ಟಳೆ. ಕಥೆಯಲ್ಲಿ ಸೋಲುವ ಪಾತ್ರವಾದರೂ ಸರಿ, ಎದುರಿನವನಿಂದ ಸರಿಯಾದ ಉತ್ತರ ಬರುವ ತನಕ ಸೋಲಕೂಡದು.

ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಅಭಿರಾಮ ಪಿಟೀಲಿನ ಸಿ.ಡಿ. ಹಾಕಿ, ಡ್ಯೂಕ್ ಕರಗಲೆಂದು ಕಾದ.

"ನಿಲ್ಲಿಸು!" ಎಂದರು ಡ್ಯೂಕ್. "ಪಿಟೀಲು ಬಾರಿಸಿದನೆಂದು ಮಗಳನ್ನು ಕೊಡುವುದೇ? ನಾಳೆ ಇನ್ನೊಬ್ಬ ಇವನಿಗಿಂತ ಚೆನ್ನಾಗಿ ಬಾರಿಸಿದರೆ?"

"ಮಾಷ್ಟ್ರೇ, ಒಪೆರಾದಲ್ಲಿ ಹಾಗೇ ಉಂಟು..."

"ಎಂತ ಉಂಟೋ ನನಗೆ ಗೊತ್ತಿಲ್ಲ. ಡ್ಯೂಕನ ಪ್ರಶ್ನೆಗೆ ಉತ್ತರ ಹೇಳು."

ಅಷ್ಟರಲ್ಲಿ ಕರೆಂಟ್ ಹೋಯಿತು. ಹಳೆಯ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಐದು ನಿಮಿಷ ಬದುಕಿದರೆ ಹೆಚ್ಚು. ಮುದ್ರಣ ಅರ್ಧಕ್ಕೆ ನಿಂತರೆ ಮಾಷ್ಟ್ರ ಸಿಟ್ಟು ನೆತ್ತಿಗೇರುತ್ತದೆ. ಆಮೇಲೆ ಕಾಫಿಯೂ ಇಲ್ಲ, ಸುದ್ದಿಯೂ ಇಲ್ಲ, ಸೋಮವಾರ ಹಿರಿಯಡ್ಕದವರು ಬಂದು ಕೂತುಬಿಡುತ್ತಾರೆ.

"ಒಪ್ಪಿಬಿಡಿ ಮಾಷ್ಟ್ರೇ," ಎಂದರು ಸೆಲೀನ್ ಬಾಯಿ. "ನನ್ನ ಒಲೆ ಮೇಲೆ ಮೀನು ಸಾರು ಉಂಟು."

"ನೀನು ಡ್ಯೂಕನ ಮಗಳು. ಮೀನು ಸಾರಿಗೆ ಆಳುಗಳಿದ್ದಾರೆ. ನೀನೇ ಹೇಳು ಮಗಳೇ, ಪಿಟೀಲಿನಲ್ಲಿ ಮನೆ ನಡೆಯುತ್ತದೆಯೇ?"

ಸೆಲೀನ್ ಬಾಯಿ ಅಭಿರಾಮನ ಕಡೆ ತಿರುಗಿದರು. "ಅವರು ಹೇಳುವುದೂ ಸರಿಯೇ ಅಲ್ವಾ ಅಭಿರಾಮ?"

ನಾಯಕಿಯೇ ಕೈಕೊಟ್ಟಳು. ಪರದೆಯ ಮೂಲೆಯಲ್ಲಿ ಬ್ಯಾಟರಿ ಇನ್ನು ಎರಡೇ ನಿಮಿಷ ಎಂದು ಕಾಣುತ್ತಿತ್ತು. ಒಳಬಾಗಿಲಲ್ಲಿ ಶೈಲಶ್ರೀ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಅವಳನ್ನು ನೋಡಿದ್ದೇ ಅಭಿರಾಮ ಕಾಗದ ಬಿಸಾಡಿದ.

"ಪ್ರಭೂ, ಅರಮನೆಯಲ್ಲಿ ನಿಮ್ಮ ಮಗಳು ಸುಖವಾಗಿದ್ದರೆ ನನ್ನ ಪಿಟೀಲು ಕೇಳಲು ಕಿಟಕಿ ತೆರೆದದ್ದೇಕೆ?"

ಮಾಷ್ಟ್ರ ಕಣ್ಣು ಅರಳಿತು. "ತೆರೆದದ್ದು ಗಾಳಿಗೆ."

"ಗಾಳಿಗೆ ತೆರೆದದ್ದಾದರೆ ನೀವು ಮುಚ್ಚಿಸಿದ್ದೇಕೆ? ಗಾಳಿಗೆ ಹೆದರಿಯೋ, ನನಗೆ ಹೆದರಿಯೋ?"

"ಎಲವೋ! ಮಗಳು ನನ್ನವಳು!"

"ನಿಮ್ಮವಳೆಂದೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಕೇಳದೆ ಕರೆದೊಯ್ಯುವವನಿಗೆ ನಿಮ್ಮ ಒಪ್ಪಿಗೆ ಬೇಡ. ಕೇಳಿದವನಿಗೆ ಇಲ್ಲವೆಂದರೆ ನಾಳೆ ಯಾವ ಮರ್ಯಾದಸ್ಥ ನಿಮ್ಮ ಬಾಗಿಲಿಗೆ ಬಂದಾನು? ಕಳ್ಳರನ್ನು ತಯಾರು ಮಾಡುವುದು ನಿಮ್ಮ ರಾಜಧರ್ಮವೇ?"

ಎರಡು ವರ್ಷ ಗಂಟಲಲ್ಲಿ ಕಟ್ಟಿಕೊಂಡದ್ದೆಲ್ಲ ಹೊರಗೆ ಬಂದಿತ್ತು. ಮಾಷ್ಟ್ರ ದನಿ ಗದ್ಗದವಾಯಿತು.

"ಒಪ್ಪಿದೆ. ಅವಳ ಕೈ ಹಿಡಿ."

ಅಭಿರಾಮ ಗುಂಡಿ ಒತ್ತಿ ಮುದ್ರಣ ಉಳಿಸಿದ್ದೇ ತಡ, ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಸೆಲೀನ್ ಬಾಯಿ ಚಪ್ಪಾಳೆ ತಟ್ಟಿ ಮೀನು ಸಾರಿಗೆ ಓಡಿದರು. ಮಾಷ್ಟ್ರು ಎದ್ದು ಬಂದು ಅಭಿರಾಮನನ್ನು ಅಪ್ಪಿಕೊಂಡರು.

"ಇಂಥ ಎದುರಾಳಿ ಸಿಗದೆ ಎಷ್ಟು ವರ್ಷ ಆಯ್ತು ಮಾರಾಯ! ನರ್ಮದಾ, ಕೇಳಿದೆಯಾ? ಹಿರಿಯಡ್ಕದವರು ಬರುವುದು ಬೇಡ. ನಮ್ಮ ಶೈಲನನ್ನು ಇವನಿಗೇ ಕೊಟ್ಟರೆ ಹೇಗೆ?"

ಅಭಿರಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇಳುವ ಮೊದಲೇ ಸಿಕ್ಕಿತ್ತು! ಅವನು ನರ್ಮದಮ್ಮನ ಮುಖ ನೋಡಿದ.

ನರ್ಮದಮ್ಮ ಕಾಫಿಯ ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ಆಗುವುದಿಲ್ಲ."

"ಅಮ್ಮಾ! ನೀವೇ ಅಲ್ವಾ ಹೇಳಿದ್ದು..." ಎಂದ ಅಭಿರಾಮ.

"ಹೇಳಿದ್ದು ಹೌದು. ಬಾಯಿ ಇಲ್ಲದ ಹುಡುಗ, ಮಗಳು ನೆಮ್ಮದಿಯಲ್ಲಿ ಇರ್ತಾಳೆ ಅಂತ ಹೇಳಿದ್ದು." ನರ್ಮದಮ್ಮನ ಕಣ್ಣಲ್ಲಿ ನೀರಿತ್ತು. "ಇವರನ್ನು ಕಟ್ಟಿಕೊಂಡು ಇಪ್ಪತ್ತೇಳು ವರ್ಷ ಆಯ್ತು. ಸಾರಿಗೆ ಉಪ್ಪು ಹಾಕುವುದರಿಂದ ಹಿಡಿದು ಒಂದೇ ಒಂದು ಮಾತಲ್ಲಿ ನಾನು ಗೆದ್ದದ್ದು ಇಲ್ಲ. ಇವರನ್ನೇ ಸೋಲಿಸಿದವನಿಗೆ ನನ್ನ ಮಗಳನ್ನು ಕೊಡುವುದಾ?"

ಶೈಲಶ್ರೀ ತಾಯಿಯ ಮುಖ ನೋಡಿದಳು, ಅಭಿರಾಮನ ಮುಖ ನೋಡಿದಳು, ಮೆಲ್ಲನೆ ಒಂದು ಹೆಜ್ಜೆ ತಾಯಿಯ ಕಡೆಗೆ ಸರಿದಳು.

ಮಾಷ್ಟ್ರು ಉತ್ಸಾಹದಿಂದ ಅಭಿರಾಮನ ಪಕ್ಕೆಗೆ ತಿವಿದರು. "ಬಿಡಬೇಡ! ಇದಕ್ಕೆ ಉತ್ತರ ಉಂಟು. ಹೇಳು, ಹೇಳು!"

ಉತ್ತರ ಇತ್ತು. ಒಂದಲ್ಲ, ಮೂರು ಇತ್ತು; ಮೂರೂ ನಾಲಿಗೆಯ ತುದಿಯಲ್ಲೇ ಇತ್ತು. ಅಭಿರಾಮ ಬಾಯಿ ತೆರೆದ.

"ನೋಡಿದೆಯಾ ಮಗಾ," ಎಂದರು ನರ್ಮದಮ್ಮ ಮಗಳಿಗೆ, "ಶುರು ಮಾಡಿದ."